ಹಿಮಾಲಯದ ತಿರುವನ್ನು ಓದಿದ ಮೇಷ್ಟರು

ಈ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನಚರಿತ್ರೆ ಬರೆದುಕೊಡಿ ಎಂದು ಸಂಪಾದಕ ಬಳಗದ ವಿದ್ಯಾರ್ಥಿಗಳು ಕೇಳಿದರು. ಅವರ ಮನಸ್ಸಿನಲ್ಲಿ ಸಿ. ವಿ. ರಾಮನ್ ಅಥವಾ ಅಬ್ದುಲ್ ಕಲಾಂ ಇದ್ದಿರಬೇಕು. ಅವರ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ನಾನು ಭೂಗೋಳ ಪಾಠ ಮಾಡುವವನು. ಹಾಗಾಗಿ ಕಲ್ಲು, ಬೆಟ್ಟಗಳನ್ನು ಓದಿದ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಅವರು ದಾರಾಶಾ ನೌಶೇರ್ವಾನ್ ವಾಡಿಯಾ. ಉತ್ತರಾಖಂಡದಲ್ಲಿ ಭೂಕುಸಿತವಾದಾಗ ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಆ ವಾಡಿಯಾ ಯಾರು ಎಂದು ತರಗತಿಯಲ್ಲಿ ಕೇಳಿದರೆ ಕೈ ಎತ್ತುವವರು ಸಿಗುವುದಿಲ್ಲ.

ಇವರನ್ನು ಆರಿಸಿಕೊಳ್ಳಲು ಇನ್ನೂ ಒಂದು ಕಾರಣವಿದೆ. ಭಾರತದ ಅತಿ ದೊಡ್ಡ ಭೂವಿಜ್ಞಾನಿ ಎನಿಸಿಕೊಳ್ಳುವ ಮೊದಲು ಅವರು 14 ವರ್ಷ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಮೇಷ್ಟರಾಗಿದ್ದರು.

ಸೂರತ್‌ನಿಂದ ಜಮ್ಮುವಿಗೆ

ವಾಡಿಯಾ ಹುಟ್ಟಿದ್ದು 1883ರ ಅಕ್ಟೋಬರಿನಲ್ಲಿ, ಗುಜರಾತಿನ ಸೂರತ್‌ನಲ್ಲಿ. ಅವರದು ಪಾರ್ಸಿ ಕುಟುಂಬ. ವಾಡಿಯಾ ಮನೆತನದ ಹಿರಿಯರು ಈಸ್ಟ್ ಇಂಡಿಯಾ ಕಂಪನಿಗೆ ಹಡಗು ಕಟ್ಟಿಕೊಟ್ಟು ಹೆಸರು ಮಾಡಿದ್ದವರು. ಆದರೆ ದಾರಾಶಾ ಹುಟ್ಟಿದ ಮನೆಯಲ್ಲಿ ಅಂಥ ಸಿರಿವಂತಿಕೆ ಇರಲಿಲ್ಲ. ತಂದೆ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್. ಮಕ್ಕಳ ಓದಿನ ಬಗ್ಗೆ ಮನೆಯಲ್ಲಿ ಕಾಳಜಿ ಇತ್ತು. ಹುಡುಗ ದಾರಾಶಾ ಶಿಕ್ಷಣ ಕ್ಷೇತ್ರದಲ್ಲಿದ್ದ ಅಣ್ಣನ ಜೊತೆ ಬರೋಡಾಕ್ಕೆ ಬಂದರು, ಅಲ್ಲಿಯ ಕಾಲೇಜು ಸೇರಿದರು. ಮೊದಲು ಓದಿದ್ದು ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ. ಆಮೇಲೆ ಭೂವಿಜ್ಞಾನದ ರುಚಿ ಹತ್ತಿತು. ಭೂವಿಜ್ಞಾನ ಸೇರಿಸಿಕೊಂಡು ಇನ್ನೊಂದು ಪದವಿ ಪಡೆದರು, 1906ರಲ್ಲಿ ಎಂ.ಎ. ಮುಗಿಸಿದರು. ಅವರ ಔಪಚಾರಿಕ ಓದು ಅಲ್ಲಿಗೆ ಮುಗಿಯಿತು. ಲಂಡನ್, ಕೇಂಬ್ರಿಜ್ ಯಾವುದೂ ಇಲ್ಲ.

1907ರಲ್ಲಿ ಜಮ್ಮುವಿನ ಪ್ರಿನ್ಸ್ ಆಫ್ ವೇಲ್ಸ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಆಗ ಅವರಿಗೆ 23 ವರ್ಷ. ಕಾಲೇಜು ಆಗಷ್ಟೇ ಶುರುವಾಗಿತ್ತು. ಭೂವಿಜ್ಞಾನದ ಜೊತೆಗೆ ಇಂಗ್ಲಿಷ್ ಪಾಠವನ್ನೂ ಮಾಡಬೇಕಿತ್ತು. ನಮ್ಮಲ್ಲಿ ಒಬ್ಬರೇ ಉಪನ್ಯಾಸಕರು ಎರಡು ವಿಷಯ ನೋಡಿಕೊಳ್ಳುವ ಹಾಗೆಯೇ ಅನ್ನಿ.

ಅವರು ಜಮ್ಮುವಿಗೆ ಬರುವ ಎರಡು ವರ್ಷ ಮೊದಲು, 1905ರ ಏಪ್ರಿಲ್ 4ರಂದು, ಪೂರ್ವಕ್ಕಿರುವ ಕಾಂಗ್ಡಾ ಕಣಿವೆಯಲ್ಲಿ ಭೂಕಂಪವಾಗಿ ಸುಮಾರು 20 ಸಾವಿರ ಜನ ಸತ್ತಿದ್ದರು. ಹೊಸ ಮೇಷ್ಟರು ಬಂದಿಳಿದದ್ದು ಅಂಥ ಬೆಟ್ಟಗಳ ಬುಡಕ್ಕೆ.

ಪ್ರಯೋಗಾಲಯ ಇಲ್ಲದಿದ್ದರೇನಂತೆ, ಜಮ್ಮು ಊರೇ ಶಿವಾಲಿಕ್ ಬೆಟ್ಟಗಳ ಮೇಲೆ ಕುಳಿತಿದೆ. ಪಕ್ಕದಲ್ಲಿ ತಾವಿ ನದಿ ಆ ಬೆಟ್ಟಗಳನ್ನು ಕೊರೆದು ಶಿಲಾಪದರಗಳನ್ನು ತೆರೆದಿಟ್ಟಿದೆ. ಹಿಮಾಲಯ ಏಳುತ್ತಿದ್ದಾಗ ಅದರಿಂದ ಕೊಚ್ಚಿ ಬಂದ ಮರಳು, ಜಲ್ಲಿ, ಕೆಸರು ಗಟ್ಟಿಯಾಗಿ ಆದ ಬೆಟ್ಟಗಳೇ ಶಿವಾಲಿಕ್. ಅವುಗಳ ಒಳಗೆ ಹಳೆಯ ಆನೆ, ನೀರಾನೆ, ಜಿರಾಫೆಗಳ ಎಲುಬುಗಳಿವೆ. ವಾಡಿಯಾ ರಜೆ ಸಿಕ್ಕಿದರೆ ಸುತ್ತಿಗೆ ಹಿಡಿದು ಬೆಟ್ಟಕ್ಕೆ ಹೋಗುತ್ತಿದ್ದರು. ಹೀಗೆ ತಿರುಗುವಾಗ ಸ್ಟೆಗೊಡಾನ್ ಎಂಬ ಅಳಿದುಹೋದ ಆನೆಯ ಸುಮಾರು ಮೂರು ಮೀಟರ್ ಉದ್ದದ ದಂತ ಅವರ ಕಣ್ಣಿಗೆ ಬಿತ್ತು. ತಂದ ಕಲ್ಲು, ಪಳೆಯುಳಿಕೆಗಳೇ ಅವರ ಪಾಠದ ಸಾಮಗ್ರಿ.

ಪಾಠ ಮಾಡುವಾಗ ಇನ್ನೊಂದು ಕೊರತೆ ಕಂಡಿತು. ಭಾರತದ ಕಲ್ಲುಗಳ ಬಗ್ಗೆ ಭಾರತದ ವಿದ್ಯಾರ್ಥಿ ಓದಲು ಸರಿಯಾದ ಪುಸ್ತಕವಿರಲಿಲ್ಲ. ಇದ್ದದ್ದು ಸರ್ಕಾರಿ ಇಲಾಖೆಯ ದಪ್ಪ ವರದಿಗಳು. ವಾಡಿಯಾ ತಾವೇ ಬರೆದರು. 1919ರಲ್ಲಿ ಲಂಡನ್ನಿನ ಮ್ಯಾಕ್‌ಮಿಲನ್ ಕಂಪನಿ ಅವರ ಜಿಯಾಲಜಿ ಆಫ್ ಇಂಡಿಯಾ ಪುಸ್ತಕವನ್ನು ಪ್ರಕಟಿಸಿತು. ಅದನ್ನು ಮುಂದೆ ಹಲವು ಸಲ ಪರಿಷ್ಕರಿಸಿದರು. ಮೂರು ತಲೆಮಾರಿನ ಭೂವಿಜ್ಞಾನಿಗಳು ಅದನ್ನು ಓದಿಯೇ ಬೆಳೆದರು. ವಿದ್ಯಾರ್ಥಿಗಳಿಗಾಗಿ ಬರೆದ ಪುಸ್ತಕವೊಂದು ಆ ವಿಷಯದ ಮುಖ್ಯ ಪುಸ್ತಕವೇ ಆಗಿಬಿಡುವುದು ಅಪರೂಪ.

38ನೆಯ ವಯಸ್ಸಿನಲ್ಲಿ ಹೊಸ ಕೆಲಸ

1921ರಲ್ಲಿ ವಾಡಿಯಾ ಕಾಲೇಜು ಬಿಟ್ಟು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಿದರು. 1851ರಲ್ಲಿ ಶುರುವಾದ ಆ ಇಲಾಖೆಯಲ್ಲಿ ಮೇಲಿನ ಹುದ್ದೆಗಳೆಲ್ಲ ಹೆಚ್ಚಾಗಿ ಇಂಗ್ಲಿಷರ ಕೈಯಲ್ಲಿದ್ದವು. ಯುರೋಪಿನ ಪದವಿ ಇಲ್ಲದೆ ಅಲ್ಲಿ ಅಧಿಕಾರಿ ದರ್ಜೆಗೆ ಸೇರಿದ ಮೊದಲ ಭಾರತೀಯ ಎಂದು ವಾಡಿಯಾ ಅವರನ್ನು ನೆನೆಯುತ್ತಾರೆ. ಹತ್ತಿರ ಹತ್ತಿರ ನಲವತ್ತರಲ್ಲಿ ಇದ್ದವರು ಹೊಸ ನೌಕರಿಗೆ ಸೇರಿ, ಡೇರೆ ಹೊತ್ತುಕೊಂಡು, ಪೂಂಚ್ ಮತ್ತು ಕಾಶ್ಮೀರದ ಬೆಟ್ಟಗಳಲ್ಲಿ ನಡೆಯಲು ಹೊರಟರು.

ಭೂವಿಜ್ಞಾನಿಯ ನಡಿಗೆ ಚಾರಣವಲ್ಲ. ಒಂದು ಕಲ್ಲಿನ ಪದರ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಯಾವ ದಿಕ್ಕಿಗೆ ವಾಲಿದೆ, ಅದರ ಮೇಲೆ ಯಾವುದಿದೆ ಎಂದು ಒಂದೊಂದನ್ನೂ ನಕ್ಷೆಯಲ್ಲಿ ಗುರುತು ಹಾಕುತ್ತಾ ಹೋಗಬೇಕು. ಒಂದು ಹಾಳೆ ನಕ್ಷೆ ತುಂಬಲು ತಿಂಗಳುಗಳು ಬೇಕು. ಪೂಂಚ್ ಪ್ರದೇಶದ ಅವರ ವರದಿ 1928ರಲ್ಲಿ ಬಂತು. ಇಷ್ಟು ಹೊತ್ತಿಗೆ ಅವರ ನಕ್ಷೆಗಳಲ್ಲಿ ಒಂದು ದೊಡ್ಡ ಪ್ರಶ್ನೆ ಎದ್ದು ನಿಂತಿತ್ತು.

ಬೆಟ್ಟಸಾಲು ಯಾಕೆ ತಿರುಗಿತು?

ನಿಮ್ಮ ಅಟ್ಲಾಸ್ ತೆಗೆದು ನೋಡಿ. ಹಿಮಾಲಯ ಕಾಶ್ಮೀರದ ಉದ್ದಕ್ಕೂ ವಾಯವ್ಯ ದಿಕ್ಕಿಗೆ ಸಾಗುತ್ತದೆ. ಝೀಲಂ ನದಿಯೂ ಬಾರಾಮುಲ್ಲಾ ದಾಟಿ ಅದೇ ಕಡೆಗೆ ಹೋಗುತ್ತದೆ. ಮುಝಫ್ಫರಾಬಾದ್ ತಲುಪಿದ ಕೂಡಲೇ ನದಿ ಥಟ್ಟನೆ ದಕ್ಷಿಣಕ್ಕೆ ತಿರುಗಿಬಿಡುತ್ತದೆ. ಬೆಟ್ಟಗಳೂ ಅಲ್ಲಿಯೇ ತಿರುಗುತ್ತವೆ. ತಲೆಗೆ ಹಾಕುವ ಹೇರ್‌ಪಿನ್ನಿನ ಹಾಗೆ ಇಡೀ ಬೆಟ್ಟಸಾಲು ಬಾಗಿ, ಹಝಾರಾ ಪ್ರದೇಶದಲ್ಲಿ ನೈರುತ್ಯದ ಕಡೆಗೆ ಹೊರಳುತ್ತದೆ. ಇಂಥ ತಿರುವಿಗೆ ಭೂವಿಜ್ಞಾನಿಗಳು ಸಿಂಟ್ಯಾಕ್ಸಿಸ್ ಎನ್ನುತ್ತಾರೆ.

ಆಸ್ಟ್ರಿಯಾದ ಹಿರಿಯ ಭೂವಿಜ್ಞಾನಿ ಎಡ್ವರ್ಡ್ ಸ್ಯೂಸ್ ಇದನ್ನು ಎರಡು ಬೇರೆ ಬೇರೆ ಪರ್ವತವ್ಯೂಹಗಳು ಬಂದು ಕೂಡುವ ಜಾಗ ಎಂದು ತಿಳಿದಿದ್ದರು. ಹಿಮಾಲಯ ಒಂದು ಕಡೆಯಿಂದ, ಹಿಂದೂಕುಶ್ ಕಡೆಯ ಬೆಟ್ಟಗಳು ಇನ್ನೊಂದು ಕಡೆಯಿಂದ. ವಾಡಿಯಾ ಪುಸ್ತಕದಲ್ಲಿ ಉತ್ತರ ಹುಡುಕಲಿಲ್ಲ, ತಿರುವಿನ ಎರಡೂ ತೋಳುಗಳನ್ನು ನಡೆದು ನೋಡಿದರು. ಈ ಕಡೆ ಯಾವ ಕಲ್ಲಿನ ಪದರಗಳು ಯಾವ ಕ್ರಮದಲ್ಲಿದ್ದವೋ ಆ ಕಡೆಯೂ ಅವೇ, ಅದೇ ಕ್ರಮದಲ್ಲಿ. ತಿರುವಿನ ಒಳಗೆ ಮರ್ರೀ ಎಂಬ ಕೆಂಪು ಮರಳುಗಲ್ಲು. ಅದರ ಸುತ್ತ ಹೊರಗಡೆ ಇನ್ನೂ ಹಳೆಯ ಕಲ್ಲುಗಳು ಪಟ್ಟಿಪಟ್ಟಿಯಾಗಿ ಬಳಸಿಕೊಂಡಿವೆ. ಹಳೆಯ ಪದರಗಳು ಹೊಸ ಪದರಗಳ ಮೇಲೇರಿ ಕುಳಿತ ದೊಡ್ಡ ಬಿರುಕುಗಳಿಗೆ ಥ್ರಸ್ಟ್ ಎಂದು ಹೆಸರು. ಅಂಥ ಎರಡು ಥ್ರಸ್ಟ್‌ಗಳೂ ತಿರುವಿನ ಸುತ್ತ ಒಟ್ಟೊಟ್ಟಿಗೆ ಬಾಗಿ ಆಚೆಗೆ ಹೋಗುತ್ತವೆ. ಎಂದರೆ ಇವು ಎರಡು ಪರ್ವತಗಳಲ್ಲ, ಬಾಗಿದ ಒಂದೇ ಪರ್ವತ.

ಹಾಗಾದರೆ ಬಗ್ಗಿಸಿದ್ದು ಯಾವುದು? 1931ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಾಡಿಯಾ ಕೊಟ್ಟ ಉತ್ತರ ಹೀಗಿತ್ತು. ಭಾರತದ ಪರ್ಯಾಯ ದ್ವೀಪದ ಪುರಾತನ ಗಟ್ಟಿ ನೆಲ ದಿಲ್ಲಿಯ ಹತ್ತಿರ ಮುಗಿದುಹೋಗುವುದಿಲ್ಲ. ಪಂಜಾಬಿನ ಮೆಕ್ಕಲು ಮಣ್ಣಿನ ಅಡಿಯಲ್ಲಿ ಅದು ನಾಲಿಗೆಯ ಹಾಗೆ ಉತ್ತರಕ್ಕೆ ಚಾಚಿಕೊಂಡಿದೆ. ಉತ್ತರದಲ್ಲಿದ್ದ ಟೆಥಿಸ್ ಸಮುದ್ರದ ತಳದ ಮೆತ್ತನೆಯ ಪದರಗಳು ಒತ್ತಡಕ್ಕೆ ಸಿಕ್ಕಿ ಮಡಿಕೆಯಾಗುವಾಗ ಈ ಹಳೆಯ ನಾಲಿಗೆಗೆ ತಾಗಿ, ಅದರ ಆಕಾರಕ್ಕೆ ಹೊಂದಿಕೊಂಡು ಬಾಗಿದವು.

ತರಗತಿಯಲ್ಲಿ ನಾನು ಇದನ್ನು ಜಮಖಾನದಿಂದ ತೋರಿಸುತ್ತೇನೆ. ನೆಲದ ಮೇಲೆ ಒಂದು ಮಣೆ ಇಟ್ಟು, ಅದು ಜರುಗದಂತೆ ಒಬ್ಬರು ಹಿಡಿದುಕೊಳ್ಳಲಿ. ಎದುರಿನಿಂದ ಜಮಖಾನವನ್ನು ಮಣೆಯ ಕಡೆಗೆ ನೂಕಿ. ಖಾಲಿ ಜಾಗದಲ್ಲಿ ಮಡಿಕೆಗಳು ನೆಟ್ಟಗೆ ಏಳುತ್ತವೆ. ಮಣೆ ಇರುವ ಕಡೆ ಅದರ ಮೂಲೆಯನ್ನು ಸುತ್ತಿ ಬಾಗುತ್ತವೆ. ಮಣೆಯನ್ನು ಮುಚ್ಚಿಟ್ಟರೂ ಮಡಿಕೆಗಳನ್ನು ನೋಡಿ ಅದು ಎಲ್ಲಿದೆ ಎಂದು ಹೇಳಬಹುದು. ವಾಡಿಯಾ ಮಾಡಿದ್ದು ಅದನ್ನೇ. ನೆಲದಡಿ ಹೂತಿರುವ ಹಳೆಯ ನೆಲವನ್ನು ಮೇಲಿನ ಬೆಟ್ಟಗಳ ಬಾಗಿನಿಂದ ಓದಿದರು.

ಪಂಜಾಬಿನ ಬಯಲಿನಲ್ಲಿ, ಈಗಿನ ಪಾಕಿಸ್ತಾನದ ಸರ್ಗೋಧಾ ಹತ್ತಿರ, ಕಿರಾನಾ ಬೆಟ್ಟಗಳು ಎಂಬ ಸಣ್ಣ ಗುಡ್ಡಗಳು ಇದ್ದಕ್ಕಿದ್ದಂತೆ ತಲೆ ಎತ್ತುತ್ತವೆ. ಅವುಗಳ ಕಲ್ಲು ಹಿಮಾಲಯದ್ದಲ್ಲ, ನಮ್ಮ ಪರ್ಯಾಯ ದ್ವೀಪದ ಹಳೆಯ ಕಲ್ಲುಗಳ ಜಾತಿಯದು. ಹೂತ ನೆಲದ ನೆತ್ತಿ ಅಲ್ಲಿ ಸ್ವಲ್ಪ ಕಾಣುತ್ತದೆ, ಅಷ್ಟೆ.

1931ರಲ್ಲಿ ಭೂಫಲಕಗಳ ಸಿದ್ಧಾಂತ ಇನ್ನೂ ಹುಟ್ಟಿರಲಿಲ್ಲ ಎಂಬುದನ್ನು ಮರೆಯಬೇಡಿ. ಖಂಡಗಳು ಚಲಿಸುತ್ತವೆ ಎಂದ ವೆಗೆನರ್ ಮಾತನ್ನು ಹೆಚ್ಚಿನವರು ಒಪ್ಪಿರಲಿಲ್ಲ. ಸ್ವಿಟ್ಜರ್ಲೆಂಡಿನ ಎಮಿಲ್ ಆರ್ಗಾಂ 1922ರಲ್ಲಿ ಬ್ರಸೆಲ್ಸ್ ಸಮ್ಮೇಳನದಲ್ಲಿ, ಏಷ್ಯಾದ ಪರ್ವತಗಳು ಹಳೆಯ ತಳಪಾಯವೇ ಮತ್ತೆ ಮಡಿಚಿಕೊಂಡು ಆದಂಥವು ಎಂದು ವಾದಿಸಿದ್ದರು. ಅಂಥ ದೊಡ್ಡ ಚಿತ್ರಗಳಿಗೆ ಬೇಕಾದ ನೆಲದ ಸಾಕ್ಷಿಯನ್ನು ವಾಡಿಯಾ ಒಂದು ತಿರುವಿನಲ್ಲಿ ಕಲ್ಲು ಕಲ್ಲಾಗಿ ಜೋಡಿಸಿಕೊಟ್ಟರು. ಮುಂದೆ 8,126 ಮೀಟರ್ ಎತ್ತರದ ನಂಗಾ ಪರ್ವತದ ಸುತ್ತಲೂ ಹೋಗಿ ಅಲ್ಲಿಯ ಕಲ್ಲುಗಳನ್ನು ಅಭ್ಯಾಸ ಮಾಡಿದರು. ಸಿಂಧೂ ನದಿ ಆ ಪರ್ವತವನ್ನು ಬಳಸಿ ತಿರುಗುವುದನ್ನೂ ಅಟ್ಲಾಸಿನಲ್ಲಿ ನೋಡಬಹುದು.

ಹೊಸ ಕಾಲ ಏನು ಹೇಳುತ್ತದೆ?

ವಾಡಿಯಾ ಹೇಳಿದ್ದೆಲ್ಲ ಹಾಗೆಯೇ ಉಳಿದಿಲ್ಲ. ಇಂದಿನ ಭೂವಿಜ್ಞಾನಿಗಳು ತಿರುವಿಗೆ ನಾಲಿಗೆಯೊಂದೇ ಕಾರಣ ಎನ್ನುವುದಿಲ್ಲ. ಒತ್ತಿದ್ದು ಉತ್ತರದಿಂದ ಮಾತ್ರವಲ್ಲ. ಭಾರತದ ಫಲಕವೇ ಉತ್ತರಕ್ಕೆ ಸಾಗಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆದು, ಇಂದಿಗೂ ಅದರ ಅಡಿಗೆ ನುಗ್ಗುತ್ತಿದೆ. ತಿರುವಿನ ಪಶ್ಚಿಮಕ್ಕೆ ಭೂಮಿಯೊಳಗೆ ದಪ್ಪನೆಯ ಉಪ್ಪಿನ ಪದರವಿದೆ. 2025ರವರೆಗೆ ಅಂಗಡಿಯಲ್ಲಿ ನಾವು ಕೊಳ್ಳುತ್ತಿದ್ದ ಗುಲಾಬಿ ಬಣ್ಣದ ಸೈಂಧವ ಲವಣ ಆ ಪದರದ್ದೇ, ಖೇವ್ರಾ ಗಣಿಯಿಂದ ಬರುತ್ತಿದ್ದಂಥದ್ದು. 50 ಕೋಟಿ ವರ್ಷಕ್ಕಿಂತ ಹಳೆಯ ಈ ಉಪ್ಪು ಎಣ್ಣೆ ಸವರಿದ ಹಾಗೆ ಕೆಲಸ ಮಾಡುತ್ತದೆ. ಉಪ್ಪು ಇರುವ ಕಡೆ ಮೇಲಿನ ಪದರಗಳು ದಕ್ಷಿಣಕ್ಕೆ ದೂರ ಜಾರಿವೆ. ಇಲ್ಲದ ಕಡೆ ಅಂಟಿಕೊಂಡು ಹಿಂದೆ ಉಳಿದಿವೆ. ಬಾಗಿಗೆ ಇದೂ ಒಂದು ಕಾರಣ.

ಆದರೆ ಗಮನಿಸಿ. ನಾಲಿಗೆಯ ಜೊತೆಗೆ ಉಪ್ಪು ಬಂದರೂ ವಾಡಿಯಾ ತೋರಿಸಿದ ಮೂಲ ಸಂಗತಿ ಬದಲಾಗಲಿಲ್ಲ. ಹೊಸ ಪರ್ವತ ಹೇಗೆ ಮಡಿಚಿಕೊಳ್ಳಬೇಕು ಎಂಬುದನ್ನು ಅಡಿಯಲ್ಲಿರುವ ಹಳೆಯದು ತೀರ್ಮಾನಿಸುತ್ತದೆ. ಬಿಹಾರ, ಉತ್ತರ ಪ್ರದೇಶಗಳ ಗಂಗಾ ಬಯಲಿನ ಅಡಿಯಲ್ಲೂ ಪರ್ಯಾಯ ದ್ವೀಪದ ಹಳೆಯ ದಿಣ್ಣೆಗಳು ಹೂತುಹೋಗಿವೆ, ಅವು ಹಿಮಾಲಯದ ಅಡಿಗೆ ನುಗ್ಗುತ್ತಿವೆ.

ಹಳೆಯದಕ್ಕೆ ಇನ್ನೊಂದು ಗುಣವಿದೆ. ಒಮ್ಮೆ ಮಡಿಚಿದ ಕಾಗದವನ್ನು ಬಿಡಿಸಿ ಮತ್ತೆ ಒತ್ತಿದರೆ ಅದು ಹಳೆಯ ಗೆರೆಯಲ್ಲೇ ಮಡಿಚಿಕೊಳ್ಳುತ್ತದೆ. ಭೂಮಿಯೂ ಹಾಗೆಯೇ. ಹೊಸ ಬಿರುಕು ಮಾಡುವುದಕ್ಕಿಂತ ಹಳೆಯ ಬಿರುಕು ಜರುಗುವುದು ಸುಲಭ. ವಾಡಿಯಾ ಹುಟ್ಟಿದ ಗುಜರಾತಿನಲ್ಲೇ ಇದಕ್ಕೆ ಉದಾಹರಣೆ ಇದೆ. ಗೊಂಡ್ವಾನ ಖಂಡ ಒಡೆಯುವ ಕಾಲದಲ್ಲಿ ಕಚ್ಛ್ ಪ್ರದೇಶದ ನೆಲ ಹಿಗ್ಗಿ, ಬಿರುಕು ಬಿಟ್ಟು, ಕುಸಿದಿತ್ತು. ಕೋಟ್ಯಂತರ ವರ್ಷಗಳ ನಂತರ ಈಗ ಅದೇ ನೆಲ ಕುಗ್ಗುವ ಒತ್ತಡದಲ್ಲಿದೆ. ಅಂದು ಕೆಳಗೆ ಜಾರಿದ ಬಿರುಕುಗಳು ಇಂದು ಮೇಲಕ್ಕೆ ಜರುಗುತ್ತವೆ. 1819ರ ಜೂನ್ 16ರಂದು ಅಲ್ಲಿ ದೊಡ್ಡ ಭೂಕಂಪವಾಗಿ ಸಿಂದ್ರಿ ಕೋಟೆಯ ಸುತ್ತಲಿನ ನೆಲ ಮುಳುಗಿತು, ಅದರ ಉತ್ತರಕ್ಕೆ ಹತ್ತಾರು ಕಿಲೋಮೀಟರ್ ಉದ್ದದ ದಿಣ್ಣೆಯೊಂದು ಎದ್ದಿತು. ಮನುಷ್ಯರು ಕಟ್ಟಿದ ಒಡ್ಡುಗಳನ್ನು ಕಂಡಿದ್ದ ಜನ ಯಾರೂ ಕಟ್ಟದ ಈ ಒಡ್ಡನ್ನು ಅಲ್ಲಾಹ್ ಬಂದ್ ಎಂದು ಕರೆದರು. ಇಂದಿಗೂ ವಿಜ್ಞಾನದ ಪುಸ್ತಕಗಳಲ್ಲಿ ಅದೇ ಹೆಸರಿದೆ. 2001ರ ಜನವರಿ 26ರಂದು ಭುಜ್ ಕಡೆಯಲ್ಲಿ 13 ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದೂ ಆ ಪ್ರದೇಶದ ಹಳೆಯ ಬಿರುಕುಗಳ ಚಲನೆಯೇ.

ಬೆಟ್ಟದ ಪಾಠ, ಮನೆಯ ಗೋಡೆ

ವಾಡಿಯಾ ಬೆಟ್ಟಗಳನ್ನು ಮಾತ್ರ ನೋಡಿದವರಲ್ಲ, ಬೆಟ್ಟಗಳ ಚಲನೆ ಮನೆಗಳಿಗೆ ಏನು ಮಾಡುತ್ತದೆ ಎಂಬುದನ್ನೂ ಕಂಡವರು. 1934ರ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳಗಳಲ್ಲಿ ಭಾರಿ ಭೂಕಂಪವಾಯಿತು. ಮುಂಗೇರ್, ಮುಝಫ್ಫರ್‌ಪುರ್ ಪಟ್ಟಣಗಳು ನೆಲಸಮವಾದವು. 10 ಸಾವಿರಕ್ಕೂ ಹೆಚ್ಚು ಜನ ಸತ್ತರು. ಇಲಾಖೆ ಅಲ್ಲಿಗೆ ಕಳಿಸಿದ ಭೂವಿಜ್ಞಾನಿಗಳಲ್ಲಿ ವಾಡಿಯಾ ಒಬ್ಬರು. 1939ರಲ್ಲಿ ಬಂದ ಅವರ ಜಂಟಿ ವರದಿ, ನದಿ ತಂದ ಸಡಿಲ ಮಣ್ಣಿನಲ್ಲಿ ಕಟ್ಟಡಗಳು ವಾಲಿ ಹೂತುಹೋದ ಉದ್ದನೆಯ ಪಟ್ಟಿಯೊಂದನ್ನು ಗುರುತಿಸಿತು. ಇಂದಿಗೂ ಸಂಶೋಧಕರು ಆ ವರದಿಯನ್ನು ತೆರೆಯುತ್ತಾರೆ.

ಅವರು ತೀರಿಕೊಂಡು 36 ವರ್ಷಗಳಾದ ಮೇಲೆ, 2005ರ ಅಕ್ಟೋಬರ್ 8ರ ಶನಿವಾರ ಬೆಳಿಗ್ಗೆ, ಅವರು ಓದಿದ ಆ ತಿರುವೇ ಕಂಪಿಸಿತು. ರಂಜಾನ್ ತಿಂಗಳು ಆಗಷ್ಟೇ ಶುರುವಾಗಿತ್ತು. ಮಕ್ಕಳು ಶಾಲೆಯಲ್ಲಿದ್ದರು. ಬಾಲಾಕೋಟ್‌ನಿಂದ ಮುಝಫ್ಫರಾಬಾದ್ ಮೂಲಕ ಬಾಗ್‌ವರೆಗೆ ಸುಮಾರು 70 ಕಿಲೋಮೀಟರ್ ಉದ್ದಕ್ಕೆ ನೆಲ ಸೀಳಿ ಜರುಗಿತು. ತೀವ್ರತೆ 7.6. ಗಡಿಯ ಆ ಕಡೆ 73 ಸಾವಿರಕ್ಕೂ ಹೆಚ್ಚು ಜನ, ಈ ಕಡೆ ಉರಿ, ತಂಗ್‌ಧಾರ್ ಭಾಗಗಳಲ್ಲಿ ಸುಮಾರು 1,300 ಜನ ಸತ್ತರು. ಅವರಲ್ಲಿ ಸಾವಿರಾರು ಮಂದಿ ಶಾಲಾಮಕ್ಕಳು. ಸೀಳಿದ್ದು ಹೊಸ ಬಿರುಕಲ್ಲ, ಭೂವಿಜ್ಞಾನಿಗಳು ಮೊದಲೇ ನಕ್ಷೆಯಲ್ಲಿ ಗುರುತಿಸಿದ್ದ ಬಿರುಕು. ಗಟ್ಟಿಯಾಗಿ ಕಟ್ಟದ ಶಾಲೆಯ ಕಟ್ಟಡಗಳು ಅದರ ಹತ್ತಿರವೇ ನಿಂತಿದ್ದವು. ಪ್ರತಿ ವರ್ಷ ಹಿಮಾಲಯದ ಪಾಠಕ್ಕೆ ಬಂದಾಗ ನನ್ನನ್ನು ಹೆಚ್ಚು ಕಾಡುವುದು ಇದು. ನಕ್ಷೆ ಕಪಾಟಿನಲ್ಲಿ ಇರುತ್ತದೆ, ಶಾಲೆ ಬಿರುಕಿನ ಪಕ್ಕದಲ್ಲಿ ಇರುತ್ತದೆ, ಇವೆರಡನ್ನೂ ಒಟ್ಟಿಗೆ ನೋಡುವವರು ಇರುವುದಿಲ್ಲ.

ಇದು ದೂರದ ಮಾತಲ್ಲ. ಬೀದರ್, ಕಲಬುರಗಿ ಜಿಲ್ಲೆಗಳಿಗೆ ಹತ್ತಿರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆಲ ನಡುಗಿ ಸುಮಾರು 10 ಸಾವಿರ ಜನ ಸತ್ತರು. ಹಿಮಾಲಯದಲ್ಲಿ ಭಾರತದ ಫಲಕ ಒತ್ತುತ್ತಿರುವ ಬಲ ಇಡೀ ಫಲಕದಲ್ಲಿ ಹರಡಿ, ದಖ್ಖನ್ನಿನ ಕರಿಕಲ್ಲಿನ ಅಡಿಯಲ್ಲಿರುವ ಹಳೆಯ ದುರ್ಬಲ ವಲಯಗಳನ್ನು ಆಗಾಗ ಎಚ್ಚರಿಸುತ್ತದೆ ಎಂಬುದು ಇದಕ್ಕೆ ಹೆಚ್ಚಿನವರು ಕೊಡುವ ವಿವರಣೆ. ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ಭಾರವಾದ ಕಲ್ಲಿನ ಗೋಡೆಗಳು. ನಿಮ್ಮಲ್ಲಿ ಕೆಲವರು ಸಿವಿಲ್ ಎಂಜಿನಿಯರಿಂಗ್ ಸೇರುತ್ತೀರಿ, ಕೆಲವರು ಕಟ್ಟಡದ ಕಾಂಟ್ರ್ಯಾಕ್ಟ್ ಹಿಡಿಯುತ್ತೀರಿ. ವಾಡಿಯಾ ನಕ್ಷೆಯನ್ನು ಗೋಡೆಯವರೆಗೆ ತರಬೇಕಾದವರು ನೀವೇ.

ಕೊನೆಯ ವರ್ಷಗಳು

1938ರಲ್ಲಿ ಇಲಾಖೆಯಿಂದ ನಿವೃತ್ತರಾದ ವಾಡಿಯಾ ಮನೆಯಲ್ಲಿ ಕೂರಲಿಲ್ಲ. ಸಿಲೋನ್ ಸರ್ಕಾರದ ಖನಿಜತಜ್ಞರಾಗಿ ಕೆಲವು ವರ್ಷ ದುಡಿದರು. ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿ 1943ರಲ್ಲಿ ಅವರಿಗೆ ಲಯೆಲ್ ಪದಕ ಕೊಟ್ಟಿತು. ಸ್ವಾತಂತ್ರ್ಯದ ಹೊತ್ತಿನಲ್ಲಿ ದೇಶದ ಖನಿಜ ನೀತಿಗೆ ಸಲಹೆಗಾರರಾದರು, ಮುಂದೆ ಅಣುಶಕ್ತಿಗೆ ಬೇಕಾದ ಖನಿಜಗಳನ್ನು ಹುಡುಕುವ ವಿಭಾಗವನ್ನು ಕಟ್ಟಿದರು. 1957ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, 1958ರಲ್ಲಿ ಪದ್ಮಭೂಷಣ ಬಂತು. 1964ರಲ್ಲಿ ದಿಲ್ಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಭೂವಿಜ್ಞಾನ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಇಷ್ಟಾದರೂ ಮನಸ್ಸಿನಲ್ಲಿ ಹಿಮಾಲಯವೇ ಇತ್ತು. ಅದಕ್ಕೆಂದೇ ಒಂದು ಸಂಶೋಧನಾ ಸಂಸ್ಥೆ ಬೇಕೆಂದು ಹಟ ಹಿಡಿದರು. 1968ರಲ್ಲಿ ದಿಲ್ಲಿಯಲ್ಲಿ ಅದು ಸಣ್ಣದಾಗಿ ಆರಂಭವಾಯಿತು. ಮರುವರ್ಷ ಜೂನ್ 15ರಂದು, 85ನೆಯ ವಯಸ್ಸಿನಲ್ಲಿ, ವಾಡಿಯಾ ತೀರಿಕೊಂಡರು. ಆಮೇಲೆ ಸಂಸ್ಥೆ ಡೆಹ್ರಾಡೂನಿಗೆ ಹೋಯಿತು, ಅವರ ಹೆಸರನ್ನು ಪಡೆಯಿತು.

ಹಿಮಾಲಯವನ್ನು ನಾನು ಇನ್ನೂ ಕಣ್ಣಾರೆ ನೋಡಿಲ್ಲ. ನಿಮ್ಮಲ್ಲೂ ಬಹಳ ಜನ ನೋಡಿರಲಾರಿರಿ. ಆದರೆ ವಾಡಿಯಾ ಹೇಳಿದ ಹಳೆಯ ನೆಲವನ್ನು ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಬೆಂಗಳೂರಿಗೆ ಹೋದಾಗ ಲಾಲ್‌ಬಾಗಿನಲ್ಲಿ ಗಾಜಿನ ಮನೆಯ ಮುಂದೆ ಫೋಟೋ ತೆಗೆಸಿಕೊಂಡು ಹಿಂತಿರುಗಬೇಡಿ. ಅಲ್ಲಿರುವ ದೊಡ್ಡ ಬಂಡೆಯನ್ನು ಹತ್ತಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಬಗ್ಗಿ ನೋಡಿದರೆ ಕಲ್ಲಿನ ಮೈಮೇಲೆ ಬಿಳಿ, ಬೂದು ಪಟ್ಟಿಗಳು ಬಾಗಿ ಹೋಗಿರುವುದು ಕಾಣುತ್ತದೆ. ಯಾವ ಕಡೆಗೆ ಬಾಗಿವೆ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಬನ್ನಿ. ತರಗತಿಯಲ್ಲಿ ನಾನು ಕೇಳುತ್ತೇನೆ.